ಪ್ರಮಾಣಿಸಿ ನೋಡು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಈ ಮಾತು ಛಾಯಾಚಿತ್ರಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕುಂಚದಿಂದ ಬರೆದ ಚಿತ್ರವನ್ನು ಕಲ್ಪನೆಯೆನ್ನುವ ನಾವು, ಕ್ಯಾಮೆರಾ ತೆಗೆದ ಚಿತ್ರವನ್ನು ಮರುಮಾತಿಲ್ಲದೆ ನಂಬುತ್ತೇವೆ. ಯಂತ್ರಕ್ಕೆ ಸುಳ್ಳಾಡಲು ಬಾರದೆಂಬುದು ನಮ್ಮ ಎಣಿಕೆ. ಆದರೆ ಆ ಯಂತ್ರದ ಹಿಂದೆ ಮನುಷ್ಯನಿದ್ದಾನೆ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂದು ನಿರ್ಧರಿಸುವವನು ಅವನೇ.

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನೇ ತೆಗೆದುಕೊಳ್ಳೋಣ. ದಡವನ್ನೂ ಗುಡ್ಡಗಳನ್ನೂ ಹೊರಗಿಟ್ಟು ಬರಿಯ ನೀರನ್ನಷ್ಟೇ ಚಿತ್ರಿಸಿದರೆ, ಆ ಕೆರೆಯನ್ನು ಕಾಣದವರು ಅದನ್ನು ಕಡಲೆಂದೇ ಭಾವಿಸಿಯಾರು.

ಈ ಮರ್ಮವನ್ನೇ ಕಲೆಯ ವಸ್ತುವಾಗಿಸಿಕೊಂಡವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಬ್ರಿಟಿಷರ ಆಳ್ವಿಕೆಯಲ್ಲಿ ಬುಡಕಟ್ಟಿನ ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ, ಮೈಯಳತೆ ತಿಳಿಯಲೆಂದು ಚಿತ್ರ ತೆಗೆಯುತ್ತಿದ್ದುದುಂಟು. ಅವು ಶಾಸ್ತ್ರೀಯ ಸತ್ಯಗಳೆನಿಸಿಕೊಂಡವು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ರಚಿಸಿದ ಚಿತ್ರಮಾಲೆಯಲ್ಲಿ ಪುಷ್ಪಮಾಲಾ ಅವರು ಅಂತಹ ಪರದೆಯ ಮುಂದೆ ತಾವೇ ವೇಷ ತೊಟ್ಟು ನಿಂತರು. ರವಿವರ್ಮನ ಲಕ್ಷ್ಮಿಯೂ ಆದರು. ಇದು ವೇಷವೆಂದು ಅರಿತ ನೋಡುಗನಲ್ಲಿ, ಆ ಹಳೆಯ ಚಿತ್ರಗಳ ಭಂಗಿಯೂ ಯಾರೋ ಹೇಳಿ ನಿಲ್ಲಿಸಿದುದೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ.

ಹಾಗೆಂದು ಛಾಯಾಚಿತ್ರಗಳನ್ನೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ಅವಿವೇಕವೇ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯದಲ್ಲಿ ಕೊಂಡುಕುರಿಯೆಂಬ ಪ್ರಾಣಿಯಿದೆ. ಅದರ ಗಂಡಿಗೆ ನಾಲ್ಕು ಕೊಂಬುಗಳು. ಅದರ ಚಿತ್ರವನ್ನು ಮೊದಲ ಬಾರಿ ಕಂಡವನು, ಎರಡು ಕೊಂಬುಗಳನ್ನು ಯಾರೋ ಅಂಟಿಸಿದ್ದಾರೆಂದು ನಕ್ಕಾನು. ಹಾಗೆ ನಕ್ಕರೆ ಮೋಸಹೋದವನು ಅವನೇ.

ಇದು ಕೇವಲ ಕಲೆಯ ಚರ್ಚೆಯಲ್ಲ. ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಲ್ಲಿ ತುಂಗಭದ್ರೆಯ ದಂಡೆಯ ಊರುಗಳಿವೆ. ಮಳೆಗಾಲದಲ್ಲಿ, ಎಂದೋ ಎಲ್ಲಿಯೋ ತೆಗೆದ ನೆರೆಯ ಚಿತ್ರವನ್ನು ಇಲ್ಲಿಯದೆಂದು ಯಾರಾದರೂ ಮೊಬೈಲಿನಲ್ಲಿ ಹರಿಯಬಿಟ್ಟರೆ, ಜನರು ಗಾಬರಿಯಿಂದ ಮನೆ ಬಿಟ್ಟು ಓಡಿಯಾರು. ಎರಡು ಬಾರಿ ಹೀಗೆ ಮೋಸಹೋದವರು, ನಿಜವಾದ ನೆರೆ ಬಂದಾಗ ಕದಲದೆ ಕುಳಿತಾರು. ಕೃತಕ ಬುದ್ಧಿಮತ್ತೆಯು ಎಲ್ಲಿಯೂ ಇಲ್ಲದ ದೃಶ್ಯವನ್ನು ಕ್ಷಣದಲ್ಲಿ ಸೃಷ್ಟಿಸಬಲ್ಲ ಈ ದಿನಗಳಲ್ಲಿ ಅಪಾಯವು ಇಮ್ಮಡಿಯಾಗಿದೆ.

ಛಾಯಾಚಿತ್ರವು ಒಂದು ಸಾಕ್ಷಿ ಮಾತ್ರ. ತೀರ್ಪು ನೀಡಬೇಕಾದವರು ನಾವು. ಇದನ್ನು ಯಾರು ತೆಗೆದರು? ಎಲ್ಲಿ? ಎಂದು? ಚೌಕಟ್ಟಿನ ಹೊರಗೆ ಏನಿತ್ತು? ಇವುಗಳಿಗೆ ಉತ್ತರ ದೊರೆಯುವವರೆಗೆ ಅದನ್ನು ನಂಬುವ ಆತುರವೂ ಬೇಡ, ಇತರರಿಗೆ ಹಂಚುವ ಆತುರವೂ ಬೇಡ. ಕಣ್ಣು ಕಂಡುದನ್ನು ಬುದ್ಧಿಯು ಪರೀಕ್ಷಿಸಿದಾಗಲೇ ನೋಟವು ಅರಿವಾಗುತ್ತದೆ.