ಕೇಕಿನ ರೇಟು ಕೆಡಿಸ್ಬ್ಯಾಡ್ರೆವ್ವಾ

ನಮ್ಮ ನಾರಾಯಣಪುರದಾಗ ಈಗ ಓಣಿಗೊಬ್ಬಾಕಿ ಕೇಕ್ ಮಾಡ್ತಾಳ. ಮಾಡ್ಲಿ, ಛಲೋನೇ ಆತು. ಒಬ್ಬಾಕಿ ಗುಲಾಬಿ ಹೂ ಬಿಟ್ರ ಇನ್ನೊಬ್ಬಾಕಿ ಬಸವಸಾಗರ ಡ್ಯಾಮನ್ನೇ ಗೇಟ್ ಸಮೇತ ಕ್ರೀಮಿನಾಗ ನಿಂದ್ರಿಸ್ಲಿ. ಅಂಥಾ ಜಿದ್ದು ಇರಬೇಕು. ಆದ್ರ "ಆಕಿ ಆರುನೂರು ಅಂದ್ಳೇನು? ನಾ ನಾನೂರಕ್ಕ ಕೊಡ್ತೀನಿ ತಗೋರಿ" ಅನ್ನೋದು ಜಿದ್ದಲ್ರಿ, ಎಲ್ಲಾರ ಹೊಟ್ಟಿ ಮ್ಯಾಲೆ ಹೊಡಿಯೋದು.

ಒಂದು ಕಿಲೋ ಕೇಕಿನ ಲೆಕ್ಕಾ ಹಾಕ್ರಿ. ಮೈದಾ, ಸಕ್ರಿ ಅಷ್ಟೇ ಹಿಡೀತೀರಿ. ಕ್ರೀಮು, ಗ್ಯಾಸು, ಡಬ್ಬಿ, ಕೆಳಗಿನ ರಟ್ಟು? ಬ್ಯಾಸಿಗ್ಯಾಗ ನಮ್ ಕಡಿ ಬಿಸಲು 40 ಡಿಗ್ರಿ ದಾಟ್ತದ, ಬೀಟರ್ ತಿರುಗೂಮುಂದ ಕರೆಂಟ್ ಹೋತಂದ್ರ ಕ್ರೀಮೆಲ್ಲಾ ನೀರು. ಮೂರು ತಾಸು ನಿಂತ ಕಾಲಿಗೆ ಕೂಲಿ ಇಲ್ಲೇನು? ಹತ್ತಿ ಬಿಡಸ್ಲಿಕ್ಕೆ ಹೋದಾಕಿಗೂ ಕೂಲಿ ಎಣಿಸಿ ಕೊಡ್ತಾರ.

ಪ್ರಿಮಿಕ್ಸ್ ಪಾಕೀಟು ತಂದು ಮಾಡಿದ್ರ ಪಾಪೇನಲ್ಲ, ಆದ್ರ ಅದಕ್ಕ "ಅಜ್ಜಿ ಕೈರುಚಿ" ಅಂತ ಸ್ಟೇಟಸ್ ಹಾಕಬ್ಯಾಡ್ರಿ. ಎಗ್‌ಲೆಸ್ ಅಂತ ಹೇಳಿ ತತ್ತಿ ಹಾಕೋದಂತೂ ನಂಬಿದವ್ರಿಗೆ ಮಾಡೋ ಮೋಸ. ಮನ್ಯಾಗ ಮಾಡಿ ಮಾರೋರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ವರ್ಷಕ್ಕ ಫೀ 100 ರೂಪಾಯಿ. ಹೆಚ್ಚುಗಾರಿಕಿ ತೋರಸೋದಿದ್ರ ಅದರಾಗ ತೋರಸ್ರಿ.

ಇನ್ನು ಕೊಳ್ಳೋರು. ಹುಣಸಗಿ ಬೇಕರ್‍ಯಾಗ ಕೇಳಿದಷ್ಟು ಕೊಟ್ಟು ಬರ್ತಾರ, ನಮ್ ಬಾಗಿಲಿಗೆ ಬಂದ್ರ "ನೀ ನಮ್ಮಾಕಿ ಅಲ್ಲೇನವ್ವಾ, ಕಮ್ಮಿ ಮಾಡು" ಅಂತಾರ. ನಮ್ಮಾಕಿ ಅಂದ ಮ್ಯಾಲೆ ಹತ್ತು ರೂಪಾಯಿ ಹೆಚ್ಚಿಗಿ ಕೊಡ್ರಲಾ!

ಹೊಸಾ ವರ್ಷದ ಆರ್ಡರ್ ಬರೂಕಿಂತ ಮೊದಲ ಎಲ್ಲಾರೂ ಕುಂತು ಕಿಲೋಕ್ಕ ಒಂದು ರೇಟು ಬರಕೊಳ್ಳೋಣು. ಅದರ ಕೆಳಗ ಕೊಟ್ಟಾಕಿಯ ಕೇಕು ನಾ ಅಂತೂ ಬಾಯಾಗ ಇಡಂಗಿಲ್ಲ.