ಪ್ಲೀಸ್ ಅನ್ನಬೇಕಾದವರು ಯಾರು?



ಅನ್ನದಲ್ಲಿ ಹುಳ ಬಂದಿದೆ ಅಂತ ಹೇಳಲು ಹೋದೆವು. ವಾರ್ಡನ್ನರಿಗೆ ಸಿಟ್ಟು ಬಂದದ್ದು ಹುಳದ ಮೇಲಲ್ಲ, ನಮ್ಮ ಮಾತಿನ ಮೇಲೆ. ‘ಮೊದಲು ಪ್ಲೀಸ್ ಅನ್ನೋದು ಕಲೀರಿ, ಆಮೇಲೆ ಅನ್ನದ ಮಾತು’ ಅಂದರು.

ಸರಿ, ಕಲಿಯೋಣ. ಫ್ರೆಂಚರಿಂದ ಇಂಗ್ಲಿಷಿಗೆ ಬಂದ ಪದ ಇದು. ‘ಇಫ್ ಇಟ್ ಪ್ಲೀಸ್ ಯೂ’, ಅಂದರೆ ತಮಗೆ ಮನಸ್ಸಾದರೆ, ಅಂತಿದ್ದದ್ದು ಸವೆದು ಸವೆದು ಪ್ಲೀಸ್ ಒಂದೇ ಉಳಿಯಿತು. ಇಸ್ಕೂಲಿನಲ್ಲಿ ನಮಗೆ ‘ದಯವಿಟ್ಟು’ ಅಂತ ಅರ್ಥ ಬರೆಸಿದರು. ಮನಸ್ಸು ಹೋಗಿ ದಯೆ ಬಂತು!

ಇಂಗ್ಲಿಷಿನಲ್ಲಿ ದೊರೆಗೂ ‘ಕಮ್’, ಆಳಿಗೂ ‘ಕಮ್’. ಅದಕ್ಕೇ ಅವರಿಗೆ ಪ್ಲೀಸ್ ಬೇಕು. ಕನ್ನಡದ ಮರ್ಯಾದೆ ಇರೋದು ಕ್ರಿಯಾಪದದ ಬಾಲದಲ್ಲಿ: ಬಾ, ಬನ್ನಿ. ಆ ‘ಬನ್ನಿ’ ನಮ್ಮಪ್ಪಂದಿರ ಪಾಲಿಗೆ ಎಂದು ಬಂದಿತ್ತು? ಮೀಸೆ ಮೂಡದ ಒಡೆಯರ ಮಗ ಅರವತ್ತು ವರ್ಷದ ಮುದುಕನಿಗೆ ‘ಬಾರ್ಲಾ’ ಅಂತಾನೆ. ನಮ್ಮವ್ವ ಆ ಹುಡುಗನಿಗೆ ‘ಬುದ್ಧಿ’ ಅಂತಾಳೆ. ಅವನು ಕಾನ್ವೆಂಟಿನಲ್ಲಿ ದಿನವೂ ಪ್ಲೀಸ್, ಥ್ಯಾಂಕ್ಯೂ ಅಂತ ಬಾಯಿಪಾಠ ಮಾಡಿದವನೇ. (ಅಡುಗೆಯ ಅಕ್ಕನಿಗೆ ‘ಲೇ, ಸಾರು ಹಾಕೇ’ ಅನ್ನೋರು ನಮ್ಮ ಪಂಕ್ತಿಯಲ್ಲೂ ಇದ್ದಾರೆ. ಅವರಿಗೆ ನಾಚಿಕೆಯಾಗಬೇಕು.)

ಮಹಾಡಿನ ಚವದಾರ್ ಕೆರೆ ಎಲ್ಲರದು ಅಂತ ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಮೂರು ವರ್ಷವಾದರೂ ಊರವರಿಗೆ ಮನಸ್ಸಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋದರು, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಯಾರಿಗೂ ಪ್ಲೀಸ್ ಅನ್ನಲಿಲ್ಲ. ನಮ್ಮವರ ಮೈಮೇಲೆ ದೊಣ್ಣೆ ಬಿದ್ದವು, ಊರವರು ಕೋರ್ಟಿಗೂ ಎಳೆದರು. 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದವರು ನಾವೇ.

ಇನ್ನು ನಮ್ಮ ಅರ್ಜಿಗಳನ್ನು ನೋಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯರ ಮಂಡಲಿಯಲ್ಲಿದ್ದ ಕಾಲಕ್ಕೆ. ಅದನ್ನು ಕೇಳಲು ನಾವು ಇಂದಿಗೂ ‘ಬಡ ವಿದ್ಯಾರ್ಥಿಯಾದ ನನಗೆ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ’ ಅಂತ ಬರೀತೀವಿ. ಯಾರಪ್ಪನ ಮನೆಯ ಗಂಟು ಅಂತ ಬೇಡಬೇಕು? ವೇತನ ತಡವಾದಾಗ ‘ಪ್ಲೀಸ್, ಸ್ವಲ್ಪ ಕಾಯ್ರಿ’ ಅಂತ ಆಫೀಸಿನವರು ತಾನೇ ನಮಗೆ ಹೇಳಬೇಕಾದ್ದು?

ಈ ಸಲದ ಅರ್ಜಿಯ ಒಕ್ಕಣೆ ಹೀಗಿರಲಿ: ‘ನಮಗೆ ಸಲ್ಲಬೇಕಾದ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ. ಯಾವ ತಾರೀಕಿಗೆ ಕೊಡುತ್ತೀರಿ, ಬರವಣಿಗೆಯಲ್ಲಿ ತಿಳಿಸಿ.’ ‘ತಿಳಿಸು’ ಅನ್ನದೆ ‘ತಿಳಿಸಿ’ ಅಂದಿದ್ದೇವೆ. ಕೆಳಗೆ ರೂಮಿನ ಎಲ್ಲರೂ ಸಹಿ ಹಾಕಿ.