ಅವರ ತೀರ್ಮಾನ, ನಮ್ಮ ತಾಪತ್ರಯ



ಕೆಲವು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಕರಾರಿನ ಮೇಲೆ ಮಿಡಿಸೌತೆ ಬೆಳೆದೆವು. ಬೀಜ, ಗೊಬ್ಬರ, ಔಷಧಿ ಎಲ್ಲ ಕಂಪನಿಯದೇ. ಅದರ ದುಡ್ಡನ್ನು ನಮ್ಮ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿದ್ದರು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೆಯ ವರ್ಷ ಬಳ್ಳಿ ತುಂಬ ಕಾಯಿ ಬಿಟ್ಟಿದೆ, ಲಾರಿ ಬರಲಿಲ್ಲ. ಫೀಲ್ಡ್‌ಮ್ಯಾನ್ ಹುಡುಗನನ್ನು ಹಿಡಿದು ಕೇಳಿದರೆ, “ಯಜಮಾನ್ರೇ, ಈ ಕಡೆ ಖರೀದಿ ನಿಲ್ಲಿಸ್ಬೇಕು ಅಂತ ಕಂಪನಿ ತೀರ್ಮಾನ ಮಾಡೈತೆ. ನನ್ ಕೈಲೇನಿಲ್ಲ” ಅಂದ.

ಮಿಡಿಸೌತೆಯನ್ನು ಎರಡು ದಿನ ಬಳ್ಳಿಯಲ್ಲೇ ಬಿಟ್ಟರೆ ದಪ್ಪಗಾಗಿ ದನಕ್ಕೆ ಹಾಕಬೇಕು. ನಮ್ಮ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ನಾವೇನು ಮಾಡಿದೆವು? ತಾಲ್ಲೂಕು ಕಚೇರಿಗೆ ಹೋದೆವು, ಅರ್ಜಿ ಕೊಟ್ಟೆವು, ರಸ್ತೆಯಲ್ಲಿ ಕೂತೆವು. ಕೊನೆಗೆ ಅರ್ಧ ದುಡ್ಡು ಬಂತು. ಗೆದ್ದೆವು ಅಂತ ಹಾರ ಹಾಕಿಸಿಕೊಂಡು ಊರಿಗೆ ಬಂದೆವು. ಆಮೇಲಿನ ವರ್ಷ ಇನ್ನೊಂದು ಕಂಪನಿಯ ಲಾರಿ ಬಂತು. ಅದೇ ಜನ, ಅದೇ ಬಗೆಯ ಕರಾರಿಗೆ ಸಹಿ ಹಾಕಿದೆವು. ಹಾಕಿದವರಲ್ಲಿ ನಾನೂ ಒಬ್ಬ.

ಆ ಹುಡುಗ ಆಡಿದ ‘ತೀರ್ಮಾನ’ ಎಂಬ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಕಂಪನಿಯವರು ಕೂತು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಹತ್ತು ವರ್ಷ ಕಳೆದ ಮೇಲೆ ನಾವು ಯಾವ ವ್ಯಾಪಾರದಲ್ಲಿ ಇರಬೇಕು? ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ನಾವು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ತಿಂಗಳ ಕಂತು ಹೆಂಗೆ ಕಟ್ಟೋದು? ಅವರು ತೀರ್ಮಾನ ಮಾಡುತ್ತಾರೆ. ಆ ತೀರ್ಮಾನ ನಮ್ಮ ಹೊಲಕ್ಕೆ ಬಂದು ಬೀಳುವಾಗ ಸಮಸ್ಯೆಯಾಗಿರುತ್ತದೆ. ನಾವು ಅದನ್ನು ಬಗೆಹರಿಸುತ್ತಾ ಕೂರುತ್ತೇವೆ.

ಇವೆರಡರ ವ್ಯತ್ಯಾಸ ನೀವು ತಿಳಿಯದ್ದೇನಲ್ಲ. ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸುತ್ತೀರಿ. ಅದು ಸಮಸ್ಯೆ ಬಗೆಹರಿಸುವುದು, ಕೆಟ್ಟದ್ದನ್ನು ಮೊದಲಿದ್ದ ಹಾಗೆ ಮಾಡುವುದು. ಆದರೆ ಬೋರ್‌ವೆಲ್ಲಿನಲ್ಲಿ ನೀರು ವರ್ಷವರ್ಷ ಇಳಿಯುತ್ತಿದ್ದರೆ, ಎಷ್ಟು ಸಲ ವೈಂಡಿಂಗ್ ಮಾಡಿಸಿದರೂ ಮೋಟಾರು ಮತ್ತೆ ಸುಡುತ್ತದೆ. ಇರುವ ನೀರಿಗೆ ಯಾವ ಬೆಳೆ, ಎಷ್ಟು ಎಕರೆ ಎಂದು ಗೆರೆ ಎಳೆಯುವುದು ತೀರ್ಮಾನ. ಅದರಲ್ಲಿ ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ. ಏನನ್ನೂ ಬಿಡದೆ ಮಾಡಿದ ತೀರ್ಮಾನ ತೀರ್ಮಾನವೇ ಅಲ್ಲ, ಬರೀ ಆಸೆ.

ಸಾಲ ಮನ್ನಾದ ವಿಷಯವನ್ನೇ ತೆಗೆದುಕೊಳ್ಳಿ. 1990ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಮತ್ತೆ ಆಯಿತು. 2018ರಲ್ಲಿ ನಮ್ಮ ರಾಜ್ಯವೇ ಮಾಡಿತು. ಮನ್ನಾ ಬೇಡ ಎಂದು ನಾನು ಹೇಳುವವನಲ್ಲ. ಕುತ್ತಿಗೆಗೆ ಬಂದ ನೇಣನ್ನು ಮೊದಲು ಸಡಿಲಿಸಲೇಬೇಕು. ಆದರೆ ಸಾಲ ಹುಟ್ಟುವ ಜಾಗ ಯಾವುದು? ಬೆಳೆಗೆ ಬೆಲೆ ಕಟ್ಟುವವನು ಇನ್ನೊಬ್ಬನಾಗಿರುವ ಜಾಗ. ಆ ಜಾಗವನ್ನು ಮುಟ್ಟದೆ ಮನ್ನಾ ಮಾಡಿದರೆ, ಅದೂ ವೈಂಡಿಂಗೇ.

ನಮ್ಮವರಿಗೆ ತೀರ್ಮಾನ ಮಾಡುವ ಶಕ್ತಿಯಿಲ್ಲವೇ? ಇದೆ. ದಕ್ಷಿಣ ಕನ್ನಡದ ಕಡೆ ನೋಡಿ. ಅಡಿಕೆ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೋ ಸಹಕಾರಿ ಹುಟ್ಟಿತು. ಅದೇ ತೋಟಗಳಲ್ಲಿ ಚಾಕೊಲೇಟ್ ಕಂಪನಿಯ ಮಾತು ಕೇಳಿ ಜನ ಕೋಕೋ ನೆಟ್ಟಿದ್ದರು. 1980ರ ಹೊತ್ತಿಗೆ ಹೊರದೇಶದ ಬೆಲೆ ಬಿದ್ದಿತು, ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ನಮ್ಮ ಮಿಡಿಸೌತೆಯ ಕಥೆಯೇ. ಎಷ್ಟೋ ಜನ ಗಿಡ ಕಡಿದರು. ಆಗ ಕ್ಯಾಂಪ್ಕೋ ಕೋಕೋ ಕೊಳ್ಳಲು ಮುಂದೆ ಬಂತು. ಇಷ್ಟಕ್ಕೇ ನಿಂತಿದ್ದರೆ ಅದು ಆ ವರ್ಷದ ಸಮಸ್ಯೆಗೆ ಪರಿಹಾರವಾಗುತ್ತಿತ್ತು, ಅಷ್ಟೆ. ಕೊಂಡ ಬೀಜ ಹಿಡಿದು ಮತ್ತೆ ಇನ್ನೊಬ್ಬರ ಬಾಗಿಲಲ್ಲೇ ನಿಲ್ಲಬೇಕಿತ್ತು. ಅವರು ಬೇರೆ ಪ್ರಶ್ನೆ ಕೇಳಿಕೊಂಡರು: ಚಾಕೊಲೇಟನ್ನು ನಾವೇ ಯಾಕೆ ಮಾಡಬಾರದು? 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ಎದ್ದಿತು.

ಗುಜರಾತಿನ ಖೇಡಾ ಜಿಲ್ಲೆಯವರದ್ದೂ ಅದೇ ದಾರಿ. ಪೋಲ್ಸನ್ ಡೈರಿಯ ಬೆಲೆಗೆ ಬೇಸತ್ತ ಹಾಲಿನ ರೈತರು ಲೀಟರಿಗೆ ನಾಲ್ಕು ಕಾಸು ಹೆಚ್ಚು ಕೇಳಿ ಸುಮ್ಮನಾಗಬಹುದಿತ್ತು. ಸರ್ದಾರ್ ಪಟೇಲರು ಕೊಟ್ಟ ಸಲಹೆ, ನಿಮ್ಮದೇ ಸಹಕಾರ ಸಂಘ ಕಟ್ಟಿ ಎಂದು. 1946ರಲ್ಲಿ ಹದಿನೈದು ದಿನ ಹಾಲು ಮಾರದೆ ಕೂತರು, ಮನೆಯ ಸಂಪಾದನೆ ಬಿಟ್ಟುಕೊಟ್ಟರು. ಅಮುಲ್ ಹುಟ್ಟಿದ್ದು ಆ ಬಿಟ್ಟುಕೊಟ್ಟದ್ದರಿಂದ. ನಮ್ಮೂರಿನ ಡೈರಿಗೆ ಬೆಳಿಗ್ಗೆ ಹಾಲು ಹಾಕುವ ಹೆಣ್ಣುಮಕ್ಕಳು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಸಹಕಾರ ಅಂದ ಮಾತ್ರಕ್ಕೆ ಎಲ್ಲವೂ ಗೆಲ್ಲುವುದಿಲ್ಲ ಎನ್ನುವುದೂ ನಿಜ. ರೈತರ ಷೇರು ಹಣದಲ್ಲಿ ಕಟ್ಟಿದ ಹಲವು ಸಕ್ಕರೆ ಕಾರ್ಖಾನೆಗಳು ಸಾಲದಲ್ಲಿ ಮುಳುಗಿ ಖಾಸಗಿಯವರ ಗುತ್ತಿಗೆಗೆ ಹೋದವು. ಷೇರು ಕೊಂಡೆವು, ಆಮೇಲೆ ಐದು ವರ್ಷಕ್ಕೊಮ್ಮೆ ಓಟು ಹಾಕಿ ಮನೆಗೆ ಬಂದೆವು. ಲೆಕ್ಕ ಕೇಳಲಿಲ್ಲ. ತೀರ್ಮಾನ ಒಂದು ದಿನದ ಕೆಲಸವಲ್ಲ, ಅದನ್ನು ಕಾಯಬೇಕು.

ಈ ಮಾತನ್ನೆಲ್ಲ ನಮ್ಮೂರಿನ ಸಭೆಯಲ್ಲಿ ಹೇಳಿದೆ. ಕೊಳ್ಳುವವನು ಒಬ್ಬನೇ ಇರುವ ಬೆಳೆಗೆ ಜಮೀನಿನ ಕಾಲುಭಾಗಕ್ಕಿಂತ ಹೆಚ್ಚು ಕೊಡುವುದು ಬೇಡ. ಉಳಿದದ್ದರಲ್ಲಿ ನಾವು ತಿನ್ನುವ, ಸಂತೆಯಲ್ಲಿ ಹತ್ತು ಜನ ಕೇಳುವ ಬೆಳೆ ಇರಲಿ. ರಾಗಿ, ಅವರೆ, ಹುರುಳಿ. ಕೆಲವರು ತಲೆಯಾಡಿಸಿದರು. ನನ್ನ ಒಡಹುಟ್ಟಿದ ತಮ್ಮನೇ ಎದ್ದು, “ಮುಂಗಡ ನೀನ್ ಕೊಡ್ತೀಯೇನಣ್ಣ?” ಎಂದು ಕೇಳಿ ಹೊರಟುಹೋದ. ಅವನ ಮಗಳ ಮದುವೆ ಎದುರಿಗಿತ್ತು. ಆ ಹೊತ್ತಿಗೆ ನನ್ನ ಬಾಯಿ ಕಟ್ಟಿತು.

ಈಗ ಯೋಚಿಸಿದರೆ ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಕಂಪನಿ ನಮ್ಮನ್ನು ಹಿಡಿದಿರುವುದು ಬೀಜದಿಂದಲ್ಲ, ಮುಂಗಡದಿಂದ. ಆ ಮುಂಗಡವನ್ನು ನಮ್ಮ ಪ್ರಾಥಮಿಕ ಸಹಕಾರ ಸಂಘದಿಂದ ಸಕಾಲಕ್ಕೆ ಕೊಡಿಸಲಾಗದಿದ್ದರೆ ನನ್ನ ಕಾಲುಭಾಗದ ಮಾತು ಬರೀ ಉಪದೇಶ. ಹಾಗಾಗಿ ನಮ್ಮ ಮುಂದಿನ ಸಭೆ ಊರಬಾಗಿಲಲ್ಲಿ ಅಲ್ಲ, ಸೊಸೈಟಿಯ ಅಂಗಳದಲ್ಲಿ. ಲೆಕ್ಕದ ಪುಸ್ತಕ ತೆಗೆಸಿ ಓದಿಸುತ್ತೇವೆ. ತಮ್ಮನನ್ನೂ ಕರೆದಿದ್ದೇನೆ.

ನಿಮ್ಮೂರಿನ ಸಭೆಯಲ್ಲಿ ಈ ವರ್ಷದ ತಾಪತ್ರಯ ಮಾತಾಡಿ ಮುಗಿದ ಮೇಲೆ ತಕ್ಷಣ ಏಳಬೇಡಿ. ಇನ್ನರ್ಧ ಗಂಟೆ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ವರ್ಷ ಇದೇ ತಾಪತ್ರಯ ಮತ್ತೆ ಬರಬಾರದು ಅಂದರೆ ನಾವು ಏನನ್ನು ಬಿಡಬೇಕು?